ಪದ ಬೇಕಾಗಿದೆ: ಪೋಕರ್‌ನ ‘ಬ್ಯಾಡ್ ಬೀಟ್’ (ತುರ್ತು)

ಮಾನ್ಯರೇ,
ಪೋಕರ್ ಕುರಿತ ಸಾಕ್ಷ್ಯಚಿತ್ರವೊಂದಕ್ಕೆ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಸಂಜೆಗೆ ಒಪ್ಪಿಸಬೇಕು. ಸಂದರ್ಭ ಹೀಗಿದೆ: ಒಬ್ಬನ ಕೈಯಲ್ಲಿ ಎರಡು ಎಕ್ಕ, ಎದುರಾಳಿಯ ಕೈಯಲ್ಲಿ ಎರಡು ರಾಜ, ಇದ್ದ ಹಣವೆಲ್ಲ ಮೇಜಿನ ಮೇಲೆ. ಎಕ್ಕ ಹಿಡಿದವನು ಗೆಲ್ಲುವ ಸಾಧ್ಯತೆ ಸುಮಾರು ಶೇ. 82. ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆಗಳಲ್ಲಿ ನಾಲ್ಕು ಬಿಚ್ಚಿದರೂ ಅವನೇ ಮುಂದಿದ್ದಾನೆ. ಉಳಿದ 44 ಎಲೆಗಳಲ್ಲಿ ಎದುರಾಳಿಯನ್ನು ಬದುಕಿಸುವುದು ಎರಡೇ ರಾಜ. ಐದನೆಯದು ರಾಜನೇ ಬೀಳುತ್ತದೆ, ಮೂರು ರಾಜ ಎರಡು ಎಕ್ಕವನ್ನು ಸೋಲಿಸುತ್ತದೆ. ಇಂತಹ ಸೋಲೇ ‘ಬ್ಯಾಡ್ ಬೀಟ್’. ನನಗೆ ಹೊಳೆದವು ‘ಕೆಟ್ಟ ಸೋಲು’ ಮತ್ತು ‘ದುರ್ಸೋಲು’. ಒಂದು ಸಾಲು ಮೀರುವಂತಿಲ್ಲ.

* * *

> ‘ದುರ್ಸೋಲು’

ಸಂಸ್ಕೃತದ ‘ದುರ್’ಗೆ ಕನ್ನಡದ ‘ಸೋಲು’ ಅಂಟಿಸಿದ ಅರಿಸಮಾಸ. ಅಲ್ಲಿಗೆ ಮುಗಿಯಿತು.

> ‘ಕೆಟ್ಟ ಸೋಲು’

ಇನಿಂಗ್ಸ್ ಅಂತರದಿಂದ ಸೋತ ತಂಡದ್ದು ಕೆಟ್ಟ ಸೋಲು. ನಿಮ್ಮ ಆಟಗಾರ ಸರಿಯಾಗಿಯೇ ಆಡಿದ್ದಾನಲ್ಲ. ಪಂಪನ ಕಾಲದ ‘ನೆತ್ತ’ ಇರುವಾಗ ಈ ಪರದಾಟವೇಕೆ? ‘ನೆತ್ತಗೇಡು’ ಎನ್ನಿ. ಗಾದೇಶ ಸಂಧಿ, ಅಚ್ಚಗನ್ನಡ.

* * *

‘ನೆತ್ತಗೇಡು’ ಎಂದು ಬರೆದರೆ ಅಡಿಬರಹಕ್ಕೇ ಇನ್ನೊಂದು ಅಡಿಬರಹ ಬೇಕಾದೀತು. ನೆತ್ತ ದಾಳ ಉರುಳಿಸುವ ಆಟ. ಭಾನುಮತಿ ಕರ್ಣನೊಡನೆ ಕೂತು ಇಸ್ಪೀಟು ಆಡಲಿಲ್ಲ.

ಮಳೆ ಕೈಕೊಟ್ಟಿತು, ಎಂಜಿನ್ ಕೈಕೊಟ್ಟಿತು ಎಂದು ನಿತ್ಯ ಹೇಳುತ್ತೇವೆ. ನಂಬಿದ್ದು ತಪ್ಪಲ್ಲ, ನಂಬಿಸಿದ್ದು ಕೊನೆಗಳಿಗೆಯಲ್ಲಿ ಜಾರಿತು ಎಂಬ ಭಾವ ಅದರಲ್ಲೇ ಇದೆ. ‘ಕೊನೆಯ ಎಲೆ ಕೈಕೊಟ್ಟಿತು’ ಎಂದರೆ ಸಾಕು. ಇಂಗ್ಲಿಷಿನಲ್ಲಿ ನಾಮಪದವಿದೆ ಎಂದು ಕನ್ನಡದಲ್ಲಿಯೂ ನಾಮಪದವನ್ನೇ ಹೆರಬೇಕೆಂಬ ಹಟ ಬೇಡ.

* * *

ಆಟ ಬಲ್ಲವನಾಗಿ ಎರಡು ಮಾತು. ಇದರ ಪಕ್ಕದಲ್ಲೇ ‘ಕೂಲರ್’ ಎಂಬುದೊಂದಿದೆ: ಇಬ್ಬರಿಗೂ ಭಾರಿ ಕೈ (ಎಲೆಗಳ ಕೂಟ) ಬಂದಿರುತ್ತದೆ, ಇಬ್ಬರೂ ಹಣ ಹಾಕದೆ ಇರಲಾರರು, ಒಬ್ಬನ ಕೈ ಕೊಂಚ ಚಿಕ್ಕದು. ಅಲ್ಲಿ ಯಾವ ಎಲೆಯೂ ಕೈಕೊಡುವುದಿಲ್ಲ. ನಿಮ್ಮ ಚಿತ್ರದಲ್ಲಿ ಎರಡೂ ಬಂದರೆ ಬೆರೆಸಬೇಡಿ.

ಇನ್ನು, ನಾಮಪದ ಬೇಡ ಎನ್ನುವವರಿಗೆ: ಹಲವು ಕ್ಯಾಸಿನೊಗಳಲ್ಲಿ ‘ಬ್ಯಾಡ್ ಬೀಟ್ ಜಾಕ್‌ಪಾಟ್’ ಇರುತ್ತದೆ. ನಿಗದಿಪಡಿಸಿದಷ್ಟು ದೊಡ್ಡ ಕೈ ಹಿಡಿದೂ ಸೋತವನಿಗೇ ಸಾಮಾನ್ಯವಾಗಿ ದೊಡ್ಡ ಪಾಲು. ‘ಕೊನೆಯ ಎಲೆ ಕೈಕೊಟ್ಟಿತು ಜಾಕ್‌ಪಾಟ್’ ಎಂದು ಫಲಕ ಬರೆಸುತ್ತೀರಾ? 2008ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದಲ್ಲಿ ಮೊಟೊಯುಕಿ ಮಬುಚಿ ನಾಲ್ಕು ಎಕ್ಕ ಹಿಡಿದು ಜಸ್ಟಿನ್ ಫಿಲಿಪ್ಸ್‌ನ ರಾಯಲ್ ಫ್ಲಶ್‌ಗೆ, ಅಂದರೆ ಆಟದ ಅತಿ ದೊಡ್ಡ ಕೈಗೆ, ಸೋತ. ನಾಲ್ಕು ಎಕ್ಕ! ಅದಕ್ಕೆ ‘ಗೇಡು’ ಸಾಲದು, ‘ಕೈಕೊಟ್ಟಿತು’ ಕೂಡ ಸಪ್ಪೆ. ‘ಬ್ಯಾಡ್ ಬೀಟ್’ ಎಂದೇ ಇಡಿ.

* * *

> ‘ಬ್ಯಾಡ್ ಬೀಟ್’ ಎಂದೇ ಇಡಿ

ಇದೇ ಸೋಮಾರಿತನ ಭಾಷೆಯನ್ನು ಕೊಂದಿದ್ದು. ಹಾಗಾದರೆ ಅನುವಾದಕರೇಕೆ? ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಬಡಿದುಹಾಕಲು ಯಂತ್ರ ಸಾಕು.

* * *

ಭಾಷೆ ಸತ್ತಿದ್ದು ಯಾವಾಗ, ತಿಥಿಗೆ ನಮಗೆ ಹೇಳಲಿಲ್ಲವಲ್ಲ. ಇಸ್ಪೀಟು, ಆಟೀನು, ಕಳಾವರು, ಡೈಮಂಡು ಯಾವ ಊರಿನವು? ಗುಲಾಮ ಅರಬ್ಬಿಯವನು, ರಾಜ ಸಂಸ್ಕೃತದವನು, ಎಕ್ಕ ‘ಏಕ’ದ ಮೊಮ್ಮಗ, ಜೋಕರ್ ಅಂತೂ ಬಂದು ಕೂತೇಬಿಟ್ಟಿದ್ದಾನೆ. ಇಡೀ ಕಟ್ಟಿನಲ್ಲಿ ಅಚ್ಚಗನ್ನಡದ್ದು ‘ಎಲೆ’ ಒಂದೇ. ಮೊದಲು ಅವರನ್ನೆಲ್ಲ ಹೊರಹಾಕಿ, ಆಮೇಲೆ ‘ಬ್ಯಾಡ್ ಬೀಟ್’ ವಿಚಾರಿಸೋಣ.

* * *

ಬೇರು ಬಿಟ್ಟ ಎರವಲು ಬೇರೆ, ನಿನ್ನೆ ಮೊನ್ನೆ ಟಿವಿಯಿಂದ ಉದುರಿದ್ದು ಬೇರೆ. ಈ ವ್ಯತ್ಯಾಸ ತಿಳಿಯದವರೊಡನೆ ಚರ್ಚೆಯಿಲ್ಲ.

* * *

ಎಲ್ಲರಿಗೂ ವಂದನೆ. ಆಟಗಾರ ಗೋಳಾಡುವ ಕಡೆ ‘ಕೊನೆಯ ಎಲೆ ಕೈಕೊಟ್ಟಿತು’ ಎಂದು ಹಾಕಿದ್ದೇನೆ, ಜಾಕ್‌ಪಾಟ್ ಫಲಕಕ್ಕೆ ‘ಬ್ಯಾಡ್ ಬೀಟ್’ ಹಾಗೆಯೇ ಉಳಿಯಿತು. ಎರವಲಿನ ಜಗಳಕ್ಕೆ ದಯವಿಟ್ಟು ಬೇರೆ ವಿಷಯಸಾಲು ತೆರೆಯಿರಿ. ಇನ್ನೊಂದು ಬಾಕಿಯಿದೆ: ಆ ಐದನೆಯ ಎಲೆಯಿಂದ ಗೆದ್ದವನ ಕಡೆಯಿಂದ ನೋಡಿದರೆ ಅದನ್ನೇ ‘ಸಕ್‌ಔಟ್’ ಎನ್ನುತ್ತಾರೆ, ತುಸು ಹೀಯಾಳಿಕೆಯೂ ಇದೆ. ನಾಳೆ ಮಧ್ಯಾಹ್ನದೊಳಗೆ ಯಾರಿಗಾದರೂ ಹೊಳೆದರೆ ತಿಳಿಸಿ.