ನಾಲೆಡ್ಜ್ ಗ್ರಾಫ್‌ಗೆ ಜ್ಯಾಮಿತಿ ಕೂರಿಸಲು ಯಾವ ಓಪನ್ ಸೋರ್ಸ್ ಟೂಲ್?

ಪ್ರಶ್ನೆ: ನನ್ನ ಗ್ರಾಫ್‌ನಲ್ಲಿ (ವಿಷಯಗಳನ್ನು ನೋಡ್‌ಗಳಾಗಿ, ಅವುಗಳ ಸಂಬಂಧಗಳನ್ನು ಗೆರೆಗಳಾಗಿ ಇಡುವ ಜಾಲ) ಪ್ರಾಣಿ, ಸಸ್ತನಿ, ನಾಯಿ ಅಂತ ಕವಲೊಡೆಯುವ ಸಂಬಂಧಗಳೇ ಜಾಸ್ತಿ. ಪ್ರತಿ ನೋಡ್ ಅನ್ನೂ ವೆಕ್ಟರ್ ಆಗಿ, ಅಂದರೆ ಸಂಖ್ಯೆಗಳ ಪಟ್ಟಿಯಾಗಿ ಇಡುವ ಟ್ರಾನ್ಸ್‌ಇ ಮಾದರಿ ಹಾಕಿದರೆ ಕೆಳಗಿನ ನೋಡ್‌ಗಳೆಲ್ಲ ಒಂದರ ಮೇಲೊಂದು ಬೀಳುತ್ತಿವೆ. ಬೇರೆ ಏನಿದೆ?

ಉತ್ತರ 1: ಅದು ಆಗುವುದೇ ಹಾಗೆ. ಟ್ರಾನ್ಸ್‌ಇ ಒಂದು ಸಂಬಂಧಕ್ಕೆ ಒಂದೇ ವೆಕ್ಟರ್ ಕೊಡುತ್ತದೆ, ಹಾಗಾಗಿ ಒಂದು ನೋಡ್‌ಗೆ ನೂರು ಮಕ್ಕಳಿದ್ದರೆ ಎಲ್ಲವೂ ಒಂದೇ ಕಡೆ ಬಂದು ಕೂರುತ್ತವೆ. 2017ರ ಪಾಂಕರೆ ಎಂಬೆಡಿಂಗ್ ನೋಡಿ, ಅದು ನೋಡ್‌ಗಳನ್ನು ಹೈಪರ್ಬೋಲಿಕ್, ಅಂದರೆ ಬಾಗಿದ ಜಾಗದಲ್ಲಿ ಕೂರಿಸುವ ವಿಧಾನ. ಹೈಪರ್ಬೋಲಿಕ್ ಜ್ಯಾಮಿತಿಯಲ್ಲಿ ಅಂಚಿಗೆ ಹೋದಷ್ಟೂ ಜಾಗ ಸಿಕ್ಕಾಪಟ್ಟೆ ಹಿಗ್ಗುತ್ತದೆ, ಕವಲುಗಳಿಗೆ ಬೇಕಾದದ್ದೂ ಅದೇ ಅಲ್ವಾ? ಜೆನ್ಸಿಮ್ ಎಂಬ ಪೈಥಾನ್ ಲೈಬ್ರರಿಯಲ್ಲೇ ಸಿಗುತ್ತದೆ.

ಉತ್ತರ 2: ಆದರೆ ಅದು ಒಂದೇ ಬಗೆಯ ಸಂಬಂಧಕ್ಕೆ ಮಾತ್ರ. ಹಲವು ಬಗೆ ಇದ್ದರೆ ಪೈಕೀನ್ ಎಂಬ ಪೈಥಾನ್ ಲೈಬ್ರರಿ ಹಿಡಿಯಿರಿ. ಅದರಲ್ಲಿರುವ ರೊಟೇಟ್‌ಇ ಮಾದರಿ ಸಂಬಂಧವನ್ನು ತಿರುಗುವಿಕೆಯಾಗಿ ನೋಡುತ್ತದೆ, 180 ಡಿಗ್ರಿ ತಿರುಗಿಸಿದರೆ ಎರಡೂ ಕಡೆ ಒಂದೇ ಆಗಿರುವ (ಸ್ನೇಹದಂಥ) ಸಂಬಂಧ ಸಲೀಸು.

ಪ್ರಶ್ನೆ ಕೇಳಿದವರು: ನನ್ನದು ಒಂದೇ ಬಗೆ. ಆಯಾಮ, ಅಂದರೆ ಒಂದು ನೋಡ್‌ಗೆ ಸಂಖ್ಯೆಗಳು, ಎಷ್ಟಿಡಲಿ?

ಉತ್ತರ 1: 5ರಿಂದ ಶುರು ಮಾಡಿ. ಸುಮ್ನೆ 200 ಇಡಬೇಡಿ.