ನಮ್ಮ ಫುಟ್ಬಾಲ್ ಕ್ಲಬ್ಬಿನ ಸ್ಥಾಪನಾ ವರ್ಷವನ್ನು ಯಾವ ಆಧಾರದಿಂದ ನಿರ್ಧರಿಸಬೇಕು?

ಉಳ್ಳಾಲದ ಕಾರ್ಯದರ್ಶಿ:

ನೇತ್ರಾವತಿಯ ದಕ್ಷಿಣ ದಡದಲ್ಲಿರುವ ನಮ್ಮ ಕ್ಲಬ್ಬಿನ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವ ಹೊಣೆ ಈ ವರ್ಷ ನನ್ನ ಮೇಲೆ ಬಿದ್ದಿದೆ. ನಾಮಫಲಕದಲ್ಲಿ ‘ಸ್ಥಾಪನೆ: 1947’ ಎಂದು ಬರೆದಿದೆ, ಹಿರಿಯರೂ ಸ್ವಾತಂತ್ರ್ಯ ಬಂದ ವರ್ಷವೇ ಕ್ಲಬ್ಬು ಹುಟ್ಟಿತೆಂದು ಹೇಳುತ್ತಾರೆ. ಆದರೆ ನೋಂದಣಿ ಪ್ರಮಾಣಪತ್ರವು 1960ರ ಮೈಸೂರು ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ಕೊಟ್ಟದ್ದಾಗಿದೆ. ನಡಾವಳಿ ಪುಸ್ತಕದ ಮೊದಲ ಮೂವತ್ತು ಪುಟಗಳು ಗೆದ್ದಲಿನ ಪಾಲಾಗಿವೆ.

ನಮ್ಮಲ್ಲಿ ಉಳಿದಿರುವ ಹಳೆಯ ವಸ್ತುಗಳು ಮೂರು. ಮೊದಲನೆಯದು ಹಳೆಯ ಟ್ರಂಕಿನಲ್ಲಿದ್ದ ನಮ್ಮ ಪಂದ್ಯಾಟದ ಒಂದು ಕರಪತ್ರ. ಅದರಲ್ಲಿ ‘ಅಗೋಸ್ತು 15, ಆದಿತ್ಯವಾರ’ ಎಂದಿದೆಯೇ ಹೊರತು ವರ್ಷವಿಲ್ಲ. ನೆಲಕ್ಕೆ 2 ಆಣೆ, ಕುರ್ಚಿಗೆ 4 ಆಣೆ ಎಂಬ ದರವಿದೆ. ‘ಜಿಲ್ಲೆಯ ತಂಡಗಳಿಗೆ ಮಾತ್ರ’ ಎಂಬ ಷರತ್ತಿನ ಕೆಳಗೆ ಕಾಸರಗೋಡು ಮತ್ತು ಮಂಜೇಶ್ವರದ ತಂಡಗಳ ಹೆಸರಿವೆ. ‘ಬರಿಗಾಲಿನಲ್ಲಿ ಆಡುವವರಿಗೂ ಅವಕಾಶವುಂಟು’ ಎಂದೂ ‘ಮಳೆ ಬಂದರೂ ಪಂದ್ಯಾಟ ನಡೆಯುವುದು’ ಎಂದೂ ಕೊನೆಯಲ್ಲಿದೆ. ಎರಡನೆಯದು ‘ಸ್ಥಾಪಕ ತಂಡ’ ಎಂದು ನಾವು ಗೋಡೆಗೆ ತೂಗುಹಾಕಿರುವ ಭಾವಚಿತ್ರ. ಮೂರನೆಯದು ಪ್ರತಿ ವರ್ಷ ಗೆದ್ದ ತಂಡದ ಕೈಗೆ ಹೋಗುವ ಮರದ ಪರ್ಯಾಯ ಫಲಕ, ಅದರ ಸುತ್ತ ವಿಜೇತರ ಹೆಸರು ಕೆತ್ತಿದ ಪುಟ್ಟ ಬೆಳ್ಳಿ ತಗಡುಗಳಿವೆ. ಈಗ ಕಾಣುವ ಮೊದಲ ತಗಡು 1956ರದು. ಇವುಗಳಿಂದ ಯಾವ ತೀರ್ಮಾನಕ್ಕೆ ಬರಬಹುದೆಂದು ತಿಳಿದವರು ಹೇಳಬೇಕಾಗಿ ವಿನಂತಿ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್ಬಾಲ್ ಪಂದ್ಯಾಟವಾದ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡದ ನಾಲ್ಕು ವಿಜಯಗಳ ಬಗ್ಗೆಯೂ ‘ನಮ್ಮ ರಾಜ್ಯದ ಹೆಮ್ಮೆ’ ಎಂಬ ಒಂದು ಪುಟವನ್ನು ಸೇರಿಸಿದ್ದೇನೆ.

ಬೋಳಾರದ ನಿವೃತ್ತ ರೆಫರಿ:

ಮಾನ್ಯ ಕಾರ್ಯದರ್ಶಿಗಳೇ, ನಿಮ್ಮ ಕರಪತ್ರದಲ್ಲಿ ವರ್ಷ ಇಲ್ಲವೆಂದು ನೀವು ಬೇಸರಪಟ್ಟುಕೊಳ್ಳಬೇಕಾಗಿಲ್ಲ, ಏಕೆಂದರೆ ವಾರವಿದೆ. ಅಗೋಸ್ತು 15 ಆದಿತ್ಯವಾರ ಬಿದ್ದದ್ದು 1948ರಲ್ಲಿ, ಅನಂತರ 1954ರಲ್ಲಿ, ಆಮೇಲೆ 1965ರಲ್ಲಿ. ದಶಮಾನ ನಾಣ್ಯ ಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಾಗಿ ಎಂಟು ವರ್ಷ ಕಳೆದ ಮೇಲೆ ಯಾರೂ ಟಿಕೆಟಿನ ದರವನ್ನು ಆಣೆಯಲ್ಲಿ ಅಚ್ಚು ಹಾಕಿಸುವುದಿಲ್ಲ. ಇನ್ನೂ ಗಟ್ಟಿಯಾದ ಸಾಕ್ಷಿಯೆಂದರೆ ಕಾಸರಗೋಡು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲ್ಲೂಕಾಗಿತ್ತು, ಮಂಜೇಶ್ವರವೂ ಅದರೊಳಗೇ ಇತ್ತು. ಆ ಮೇಲೆ ಅವೆರಡೂ ಕೇರಳಕ್ಕೆ ಸೇರಿದ್ದರಿಂದ ‘ಜಿಲ್ಲೆಯ ತಂಡಗಳಿಗೆ ಮಾತ್ರ’ ಎನ್ನುವ ಪಂದ್ಯಾಟಕ್ಕೆ ಆ ತಂಡಗಳನ್ನು ಕರೆಯಲು ಬರುತ್ತಿರಲಿಲ್ಲ. ಹಾಗಾಗಿ ಉಳಿಯುವುದು 1948 ಮತ್ತು 1954 ಮಾತ್ರ.

ಇವೆರಡರಲ್ಲಿ ನನ್ನ ಒಲವು 1954ರ ಕಡೆಗೆ, ಅದಕ್ಕೆ ಕಾರಣ ಬರಿಗಾಲಿನ ಸಾಲು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿ ಫ್ರಾನ್ಸಿನೆದುರು 2-1ರಿಂದ ಸೋತರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದೆದುರು 10-1ರಿಂದ ಸೋತ ಬಳಿಕ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲೇ ರೂಢಿಯಾಗಿದ್ದ ಕಾಲದಲ್ಲಿ ‘ಅವಕಾಶವುಂಟು’ ಎಂದು ಅಚ್ಚು ಹಾಕಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಅಗೋಸ್ತಿನ ಮಳೆಯಲ್ಲಿ ಕೆಸರೆದ್ದ ಮೈದಾನದಲ್ಲಿ ಬೂಟು ಹಾಕಿದವನಿಗಿಂತ ಬರಿಗಾಲಿನವನೇ ಜಾರದೆ ನಿಲ್ಲುತ್ತಾನೆಂಬುದು ಬೇರೆ ಮಾತು. ಮಂಗಳೂರಿನ ಸೆಂಟ್ರಲ್ ಮೈದಾನದಲ್ಲಿ ಸೀಟಿ ಊದುತ್ತಾ ಅದನ್ನು ಎಷ್ಟೋ ಸಲ ನೋಡಿದ್ದೇನೆ. (ಅದು ಈಗ ನೆಹರೂ ಮೈದಾನ, ಆದರೆ ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ.)

ಸಂತೋಷ್ ಟ್ರೋಫಿಯ ಪುಟವನ್ನು ದಯವಿಟ್ಟು ತಿದ್ದಿ. ಮೈಸೂರು 1946-47ರಲ್ಲಿ ಮತ್ತು 1952-53ರಲ್ಲಿ ಗೆದ್ದಾಗ ನಮ್ಮ ಜಿಲ್ಲೆ ಮದರಾಸಿನಲ್ಲಿತ್ತು, ಆ ಗೆಲುವನ್ನು ‘ನಮ್ಮ ರಾಜ್ಯದ್ದು’ ಎಂದು ಬರೆಯುವುದು ಸರಿಯಾಗದು. 1967-68 ಮತ್ತು 1968-69ರ ಗೆಲುವುಗಳು ಏಕೀಕರಣದ ನಂತರದವು, ಅವುಗಳ ಬಗ್ಗೆ ಹಾಗೆ ಬರೆಯಬಹುದು. ಐದನೆಯ ಗೆಲುವು 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಬಂದಿತು, ಅದೂ ನಿಮ್ಮ ಪುಟದಲ್ಲಿ ಬಿಟ್ಟುಹೋಗಿದೆ.

ಉಡುಪಿಯ ಗ್ರಂಥಪಾಲಕಿ:

ರೆಫರಿಯವರ ಲೆಕ್ಕ ಸರಿಯಾಗಿದೆ, ಆದರೆ ಅವರ ಬೂಟಿನ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕಾಲೇಜಿನ ತಂಡಗಳು ಬೂಟು ಹಾಕಿಕೊಂಡು ಬರುತ್ತಿದ್ದರೆ ಊರಿನ ಹುಡುಗರು ಹಿಂಜರಿಯಬಾರದೆಂದು 1948ರಲ್ಲಿಯೂ ಆ ಸಾಲನ್ನು ಸೇರಿಸಿರಬಹುದಲ್ಲವೇ? ನನಗೆ ಹೆಚ್ಚು ನಂಬಿಕೆ ಬರುವುದು ಪರ್ಯಾಯ ಫಲಕದ ಮೇಲೆ. 1956ರ ತಗಡಿಗಿಂತ ಮೊದಲಿನ ಜಾಗದಲ್ಲಿ ಮರದ ಮೇಲೆ ಮೊಳೆಯ ತೂತುಗಳಿವೆಯೇ, ಇದ್ದರೆ ಎಷ್ಟು ತಗಡುಗಳಿಗೆ ಸಾಕಾಗುವಷ್ಟಿವೆ ಎಂದು ದಯವಿಟ್ಟು ಬೆಳಕಿನಲ್ಲಿ ಹಿಡಿದು ನೋಡಿ.

ಭಾವಚಿತ್ರದಲ್ಲಿ ಚೆಂಡು ಯಾವ ಬಗೆಯದೆಂದು ನೀವು ಬರೆದಿಲ್ಲ. ಒಳಗೆ ಬ್ಲ್ಯಾಡರ್ ತೂರಿಸಿ ಹೊರಗೆ ಲೇಸು ಬಿಗಿದ ಕಂದು ಚರ್ಮದ ಚೆಂಡೋ, ಕಪ್ಪು ಬಿಳಿ ತುಂಡುಗಳ ಚೆಂಡೋ? ಎರಡನೆಯದು ಮನೆಮಾತಾದದ್ದು 1970ರ ಮೆಕ್ಸಿಕೊ ವಿಶ್ವಕಪ್ಪಿನಿಂದ. ಚಿತ್ರದ ಹಿಂಬದಿಯಲ್ಲಿ ಸ್ಟುಡಿಯೊದ ಮೊಹರು ಇದ್ದರೆ ಅದನ್ನೂ ಓದಿ; ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಆ ಮೊಹರು 1972ರ ಅಗೋಸ್ತು 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಪತ್ರಿಕೆಗಳನ್ನು ಹುಡುಕುವಾಗ ಉದಯವಾಣಿಯಿಂದ ನಿಮಗೆ ಪ್ರಯೋಜನವಾಗದು, ಅದು ಮಣಿಪಾಲದಲ್ಲಿ ಆರಂಭವಾದದ್ದೇ 1970ರ ಜನವರಿ 1ರಂದು. ಆಗ ಮಂಗಳೂರಿನಿಂದ ಹೊರಡುತ್ತಿದ್ದ ನವಭಾರತ ದಿನಪತ್ರಿಕೆಯ ಸಂಚಿಕೆಗಳನ್ನು ನೋಡಿ. ಸ್ವಾತಂತ್ರ್ಯೋತ್ಸವದ ರಜೆಯಿಂದಾಗಿ ಮಾರನೆಯ ದಿನದ ಸಂಚಿಕೆ ಇಲ್ಲದಿರಬಹುದು, ಆದುದರಿಂದ 17ರಿಂದ ಮುಂದಕ್ಕೆ ಒಂದು ವಾರವನ್ನಾದರೂ ನೋಡಬೇಕು.

ಒಂದು ಎಚ್ಚರಿಕೆ: ಪಂದ್ಯಾಟ ಆರಂಭವಾದ ವರ್ಷವೇ ಕ್ಲಬ್ಬು ಆರಂಭವಾದ ವರ್ಷವೆಂದು ತಿಳಿಯಬಾರದು. ಹುಡುಗರು ಕೂಡಿ ಆಡತೊಡಗಿದ್ದು, ಹೆಸರಿಟ್ಟುಕೊಂಡು ಚಂದಾ ಎತ್ತಿದ್ದು, ಸರಕಾರಿ ಕಚೇರಿಗೆ ಹೋಗಿ ನೋಂದಾಯಿಸಿದ್ದು ಮೂರೂ ಬೇರೆ ಬೇರೆ ಕಾಲದಲ್ಲಿ ನಡೆದಿರುತ್ತವೆ. ಕರಾವಳಿಯ ಎಷ್ಟೋ ಯುವಕ ಮಂಡಲಗಳು ನೋಂದಣಿಗೆ ಹೋದದ್ದು ಅನುದಾನಕ್ಕೆ ಅರ್ಜಿ ಹಾಕಬೇಕಾಗಿ ಬಂದಾಗಲೇ.

ಉಳ್ಳಾಲದ ಕಾರ್ಯದರ್ಶಿ:

ಇಬ್ಬರಿಗೂ ಕೃತಜ್ಞತೆಗಳು. ಭಾವಚಿತ್ರದ ವಿಷಯದಲ್ಲಿ ನಾವು ಇಷ್ಟು ವರ್ಷ ಮೋಸಹೋಗಿದ್ದೆವು. ಮುಂದಿನ ಸಾಲಿನಲ್ಲಿ ಕುಳಿತವರ ಕಾಲ ಬಳಿ ಇರುವುದು ಕಪ್ಪು ಬಿಳಿ ಚೆಂಡೇ, ಕಟ್ಟು ಬಿಚ್ಚಿ ನೋಡಿದರೆ ಹಿಂಬದಿಯ ಮೊಹರಿನಲ್ಲಿ 575001 ಎಂದೂ ಇದೆ. ಅದರಲ್ಲಿರುವವರು ಸ್ಥಾಪಕರಲ್ಲ, ಸ್ಥಾಪಕರ ಮಕ್ಕಳ ಪ್ರಾಯದವರು. ನಿನ್ನೆ ಸಂಜೆ ಅದನ್ನು ಗೋಡೆಯಿಂದ ಇಳಿಸುವಾಗ ಇಬ್ಬರು ಹಿರಿಯರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಸಂಚಿಕೆ ಅಚ್ಚಾಗುವ ಹೊತ್ತಿಗೆ ಸರಿಹೋಗಬಹುದು.

ಫಲಕದ ಮೇಲೆ 1956ರ ತಗಡಿನ ಎಡಕ್ಕೆ ನಾಲ್ಕು ತೂತುಗಳಿವೆ, ಒಂದು ತಗಡಿಗೆ ಎರಡರಂತೆ. ಮಧ್ಯೆ ಯಾವ ವರ್ಷವೂ ಪಂದ್ಯಾಟ ನಿಂತಿರದಿದ್ದರೆ ಮೊದಲನೆಯದು 1954ರದೇ ಆಗಬೇಕು. ಆದುದರಿಂದ ಸಂಚಿಕೆಯಲ್ಲಿ ಪಂದ್ಯಾಟದ ಆರಂಭ 1954 ಎಂದು ಆಧಾರ ಸಹಿತ ಬರೆಯುತ್ತೇನೆ, 1947ನ್ನು ಹಿರಿಯರ ನೆನಪೆಂದು ಅವರ ಮಾತಿನಲ್ಲಿಯೇ ಕೊಡುತ್ತೇನೆ. ನಾಮಫಲಕವನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಉದುರಿದ ತಗಡುಗಳಲ್ಲಿ ಒಂದು ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದದ ಅಡಿಯಲ್ಲಿ ಸಿಕ್ಕಿತು. ಬೆಳ್ಳಿ ಕಪ್ಪಿಟ್ಟು ತಂಡದ ಹೆಸರು ಅಳಿಸಿಹೋಗಿದೆ. ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ವರ್ಷದ ಕೊನೆಯ ಅಂಕಿ ಮಾತ್ರ ಓದಲು ಬಂತು, ಅದು 5.