ವಿಂಡೋ ಬಾರ್ಡರ್ ಸೆಟ್ಟಿಂಗ್ ನಿಲ್ಲವಲ್ದು ಅನ್ನುವವರು ಇಲ್ಲಿ ಕೇಳಿ

ರಿಪೇರಿ ಸರ್, ಬೆಳಗಾವಿ: ವಿಂಡೋಸ್ 10, 11 ಎರಡಕ್ಕೂ ಉತ್ತರಿಸುತ್ತೇನೆ. ಕೇಳಿ.

ಗೋಕಾಕದ ವಿದ್ಯಾರ್ಥಿ: ಸರ್, ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಬಾರ್ಡರ್ ದಪ್ಪ ಮಾಡಿದ್ದೆ. ಥೀಮ್ ಬದಲಿಸಿದ ಮೇಲೆ ಮತ್ತೆ ತೆಳ್ಳಗಾಯಿತು.

ರಿಪೇರಿ ಸರ್: ರಿಜಿಸ್ಟ್ರಿಯ ವಿಂಡೋಮೆಟ್ರಿಕ್ಸ್‌ನಲ್ಲಿ ಪ್ಯಾಡೆಡ್‌ಬಾರ್ಡರ್‌ವಿಡ್ತ್ ಅಂತ ಬಾರ್ಡರ್ ದಪ್ಪದ ಸಂಖ್ಯೆ ಇದೆ, ನೋಡಿ. ಮೊದಲಿಗೆ -60 ಇರುತ್ತದೆ. ಒಂದು ಪಿಕ್ಸೆಲ್‌ಗೆ -15ರ ಲೆಕ್ಕ, ಮೈನಸ್ ಬಿಡಬೇಡಿ. ಸೈನ್ ಔಟ್ ಆಗಿ ಬಂದರೇ ಕಾಣುತ್ತದೆ. ಥೀಮ್ ಮೊದಲು ಹಾಕಿ, ಇದನ್ನು ಆಮೇಲೆ ಮಾಡಿ. ಕ್ರೋಮ್‌ನಂಥವು ತಮ್ಮ ಅಂಚು ತಾವೇ ಬಿಡಿಸಿಕೊಳ್ಳುತ್ತವೆ, ಅಲ್ಲಿ ಹುಡುಕಬೇಡಿ.

ಜಮಖಂಡಿಯ ಸೈಬರ್ ಸೆಂಟರ್: ರೀಸ್ಟಾರ್ಟ್ ಮಾಡಿದರೆ ಬಣ್ಣ ಹೋಗುತ್ತೆ ಸರ್, ಎಲ್ಲಾ ಮಷಿನ್‌ನಲ್ಲೂ.

ರಿಪೇರಿ ಸರ್: ಡೀಪ್ ಫ್ರೀಜ್ ಹಾಕಿಸಿದ್ದೀರಾ? ರೀಸ್ಟಾರ್ಟ್ ಆದಾಗಲೆಲ್ಲ ಮಷಿನ್ ಅನ್ನು ಮೊದಲಿದ್ದ ಹಾಗೆ ಮಾಡುವುದೇ ಆ ಸಾಫ್ಟ್‌ವೇರ್ ಕೆಲಸ. ತೆಗೆದು, ಬಣ್ಣ ಹಾಕಿ, ಮತ್ತೆ ಫ್ರೀಜ್ ಮಾಡಿ.

ಅಥಣಿಯ ಟೀಚರ್: ಸರ್, ಪ್ರೊಜೆಕ್ಟರ್ ಹಚ್ಚಿದಾಗ ಮಾತ್ರ ಬಾರ್ಡರ್ ಮಾಯವಾಗುತ್ತೆ, ಯಾಕೆ?

ಬಾಗಲಕೋಟೆಯ ಪ್ರೆಸ್ ಕಾಕಾ: ನಂದೂ ಜಮಖಂಡಿಯವರ ಹಾಗೇರೀ. ಸಂಜೆ ಹಚ್ಚಿದ ಬಣ್ಣ ಬೆಳಿಗ್ಗೆ ಇರುವುದಿಲ್ಲ. ನಿನ್ನೆ ಡೆಸ್ಕ್‌ಟಾಪ್ ಮೇಲಿಟ್ಟ ಲಗ್ನಪತ್ರಿಕೆ ಫೈಲೂ ಕಾಣವಲ್ದು. ಈಗ ಮತ್ತೊಂದು ಮಾಡಾಕತ್ತೇನಿ.

ರಿಪೇರಿ ಸರ್: ಕಾಕಾ, ಬಾರ್ಡರ್ ಬಿಡಿ. ಮಷಿನ್ ಬಂದ್ ಮಾಡಬೇಡಿ, ಸೈನ್ ಔಟೂ ಬೇಡ. ಸಿ ಡ್ರೈವ್‌ನ ಯೂಸರ್ಸ್ ಒಳಗೆ ಟೆಂಪ್ ಅಂತ ಫೋಲ್ಡರ್ ಇದೆಯಾ ನೋಡಿ. ಇದ್ದರೆ ನೀವು ತಾತ್ಕಾಲಿಕ ಪ್ರೊಫೈಲ್‌ನಲ್ಲಿ, ಅಂದರೆ ನಿಮ್ಮದಲ್ಲದ ಖಾತೆ ಜಾಗದಲ್ಲಿ, ಇರಬಹುದು. ನಿಮ್ಮ ಬಣ್ಣ, ಬಾರ್ಡರ್ ಎಲ್ಲಾ ಎನ್‌ಟಿಯೂಸರ್ ಅನ್ನುವ ಒಂದು ಫೈಲ್‌ನಲ್ಲಿರುತ್ತೆ. ಕರೆಂಟ್ ಹೋಗಿಯೋ ಡಿಸ್ಕ್ ಕೆಟ್ಟೋ ಅದು ತೆರೆಯದಿದ್ದರೆ ವಿಂಡೋಸ್ ಲಾಡ್ಜ್ ರೂಮ್ ಕೊಟ್ಟ ಹಾಗೆ ಬೇರೆ ಪ್ರೊಫೈಲ್ ಕೊಡುತ್ತೆ, ನೀವು ಸೈನ್ ಔಟ್ ಆದ ಕೂಡಲೇ ಅಲ್ಲಿಟ್ಟಿದ್ದೆಲ್ಲಾ ಅಳಿಸಿಬಿಡುತ್ತೆ. ಈಗ ಮಾಡುತ್ತಿರುವ ಫೈಲನ್ನು ಸೀದಾ ಪೆನ್‌ಡ್ರೈವ್‌ಗೆ ಸೇವ್ ಮಾಡಿ. ನಿಮ್ಮ ಹೆಸರಿನ ಹಳೆ ಫೋಲ್ಡರ್ ಅಲ್ಲೇ ಪಕ್ಕದಲ್ಲಿರಬೇಕು, ಅದನ್ನೂ ಕಾಪಿ ಮಾಡಿ.

ಮುಧೋಳದ ಸದಸ್ಯ: ಫಾರ್ವರ್ಡ್ ಬಂದಿದೆ: ಈ ರೆಗ್ ಫೈಲ್ (ರಿಜಿಸ್ಟ್ರಿ ಬದಲಿಸುವ ಫೈಲ್) ಮೇಲೆ ಎರಡು ಸಲ ಒತ್ತಿದರೆ ಎಲ್ಲಾ ಸರಿ. ಕಾಕಾ, ಒತ್ತಿ ನೋಡ್ರಿ.

ರಿಪೇರಿ ಸರ್: ಯಾರೂ ಒತ್ತಬೇಡಿ! ಒಳಗೆ ಏನಿದೆ ಅಂತ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದ್ದೀರಾ? ಇಲ್ಲ ಅಂದರೆ ಕಳಿಸಿದ್ದು ಯಾಕೆ?

ವಿಜಯಪುರದ ಲಿನಕ್ಸ್ ಅಣ್ಣ: ಲಿನಕ್ಸ್ ಹಾಕ್ರೀ, ಈ ಗೋಳೇ ಇಲ್ಲ.

ಮುಧೋಳದ ಸದಸ್ಯ: ಪ್ರೆಸ್‌ನವರು ಡಿಸೈನ್ ಮಾಡುವ ಕೋರೆಲ್ ಡ್ರಾ ನಿಮ್ಮಪ್ಪ ಓಡಿಸ್ತಾನೇನು?

ವಿಜಯಪುರದ ಲಿನಕ್ಸ್ ಅಣ್ಣ: ಅಪ್ಪನ ಸುದ್ದಿ ಯಾಕೆ? ಅದರ ಬದಲು ಇಂಕ್‌ಸ್ಕೇಪ್ ಇದೆ.

ಗೋಕಾಕದ ವಿದ್ಯಾರ್ಥಿ: ಅಣ್ಣಾ, ಸುಡೋ (ಅಡ್ಮಿನ್ ಅಧಿಕಾರದ ಕಮಾಂಡ್) ಹಚ್ಚಿ ಸೆಟ್ಟಿಂಗ್ಸ್ ತೆರೆದರೆ ಫೈಲ್ ರೂಟ್ ಅನ್ನುವ ಅಡ್ಮಿನ್ ಹೆಸರಿಗೆ ಹೋಗಬಹುದು. ಆಗ ಲಿನಕ್ಸ್‌ನಲ್ಲೂ ಬಾರ್ಡರ್ ಸೇವ್ ಆಗುವುದಿಲ್ಲ, ಗೊತ್ತಲ್ವಾ?

ವಿಜಯಪುರದ ಲಿನಕ್ಸ್ ಅಣ್ಣ: ಸುಡೋ ಯಾಕೆ ಹಚ್ಚಬೇಕು? ಸುಮ್ನೆ ವಾದ.

ಇಳಕಲ್‌ನ ಸದಸ್ಯ: ಸರ್, ಬಣ್ಣದ ಆಯ್ಕೆಯೇ ಮಂಕಾಗಿದೆ, ಒತ್ತಲು ಬರುವುದಿಲ್ಲ.

ರಿಪೇರಿ ಸರ್: ವಿಂಡೋಸ್ ಲೈಸೆನ್ಸ್ ಆಕ್ಟಿವೇಶನ್ ಆಗಿದೆಯಾ ನೋಡಿ.

ಖಾನಾಪುರದ ಸದಸ್ಯ: ಸರ್, ರೀಸ್ಟಾರ್ಟ್ ಆದರೆ ಬಣ್ಣ ಹೋಗುತ್ತೆ.

ರಿಪೇರಿ ಸರ್: ಮೇಲೆ ಓದಿ.

ಖಾನಾಪುರದ ಸದಸ್ಯ: ಓದಿದೆ. ನಮ್ಮಲ್ಲಿ ಡೀಪ್ ಫ್ರೀಜ್ ಇಲ್ಲ. ಆಫೀಸ್, ಮನೆ ಎರಡರಲ್ಲೂ ಒಂದೇ ಅಕೌಂಟ್.

ರಿಪೇರಿ ಸರ್: ಇದನ್ನು ಮೊದಲೇ ಹೇಳಬಾರದಾ? ಸಿಂಕ್ (ಎರಡೂ ಮಷಿನ್ ಸೆಟ್ಟಿಂಗ್ ಒಂದೇ ಮಾಡುವುದು) ಬಂದ್ ಮಾಡಿ. ಒಂದರ ಸೆಟ್ಟಿಂಗ್ ಇನ್ನೊಂದರ ಮೇಲೆ ಕೂರುತ್ತಿರಬಹುದು.

ಮುಧೋಳದ ಸದಸ್ಯ: ಸರ್‌ಗೆ ಸಿಟ್ಟು ಜಾಸ್ತಿ ಆಯ್ತು.

ಬಾಗಲಕೋಟೆಯ ಪ್ರೆಸ್ ಕಾಕಾ: ಟೆಂಪ್ ಅಂತ ಐತ್ರೀ. ಹಳೇ ಫೋಲ್ಡರೂ ಐತಿ. ಕಾಪಿ ನಡದೈತಿ, ಆದರೆ ನಡುನಡುವೆ ನಿಲ್ಲುತ್ತೆ.

ರಿಪೇರಿ ಸರ್: ಹಾಗಾದರೆ ಡಿಸ್ಕ್ ಮೇಲೇ ಅನುಮಾನ. ಬೇಕಾದ ಫೈಲ್‌ಗಳನ್ನು ಮೊದಲು ತೆಗೆಯಿರಿ, ಹಾಡು ಸಿನಿಮಾ ಆಮೇಲೆ. ಡಿಸ್ಕ್ ತಪ್ಪು ಹುಡುಕುವ ಚೆಕ್ ಡಿಸ್ಕ್ ಈಗ ಓಡಿಸಬೇಡಿ. ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್‌ನಲ್ಲಿ .bak ಅಂತ ಮುಗಿಯುವ ಕೀಗೆ ನೀವಾಗಿ ಕೈ ಹಾಕಬೇಡಿ, ಕಾಪಿ ಮುಗಿದ ಮೇಲೆ ನನಗೆ ಫೋನ್ ಮಾಡಿ.